ಚಿಯಾ ಬೆಳೆದವರ ಮನೆಯಲ್ಲಿ ಚಿಯಾ ಇರಲಿ

(ಸಂಘದ ಬೆಳ್ಳಿಹಬ್ಬದ ರೈತಗೋಷ್ಠಿಯಲ್ಲಿ ಆಡಿದ ಮಾತುಗಳು)



ನನಗೆ ಕೊಟ್ಟಿರುವ ವಿಷಯ ಚಿಯಾ. ಹೆಸರು ಕೇಳಿದ ಕೂಡಲೇ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕಿದ್ದು ಕಾಣಿಸಿತು. ನಗಲಿ. ನಮ್ಮೂರಿಗೆ ಬೀಜ ತಂದು ಹಂಚುವುದಕ್ಕೆ ಮುಂದೆ ನಿಂತವನು ನಾನೇ. ಮೊದಲ ವರ್ಷ ಒಳ್ಳೆಯ ಬೆಲೆ ಸಿಕ್ಕಿತು, ಎಲ್ಲರೂ ಬೆನ್ನು ತಟ್ಟಿದಿರಿ. ಮರುವರ್ಷ ಊರಿಗೆ ಊರೇ ಬಿತ್ತಿತು. ಎಲ್ಲಾ ಮಾಲನ್ನೂ ನಾನೇ ಕೊಳ್ಳುತ್ತೇನೆ ಎಂದಿದ್ದ ವ್ಯಾಪಾರಿ, ಕೊಯ್ಲಾದ ಮೇಲೆ ಫೋನನ್ನೇ ಎತ್ತಲಿಲ್ಲ. ಮೂಟೆಗಳು ನಮ್ಮ ನಮ್ಮ ಪಡಸಾಲೆಯಲ್ಲೇ ಕೂತವು. "ಏನಣ್ಣ, ಇದನ್ನ ಇಟ್ಕೊಂಡು ಏನ್ ಮಾಡೋದು?" ಅಂತ ಒಬ್ಬರು ಮನೆ ಬಾಗಿಲಿಗೆ ಬಂದು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಎರಡು ಎಕರೆ ಚಿಯಾ ಬೆಳೆದಿದ್ದ ನಾನು ಅಲ್ಲಿಯವರೆಗೆ ಒಂದು ಚಮಚ ಚಿಯಾ ಬಾಯಿಗೆ ಹಾಕಿರಲಿಲ್ಲ.

ಆಮೇಲೆ ಓದಿ, ವಿಚಾರಿಸಿ ತಿಳಿದುಕೊಂಡದ್ದನ್ನು ಈಗ ಹೇಳುತ್ತೇನೆ.

ಚಿಯಾ ಮೆಕ್ಸಿಕೋ ಮತ್ತು ಗ್ವಾಟೆಮಾಲಾ ಕಡೆಯ ಗಿಡ. ನಮ್ಮ ತುಳಸಿಯ ಕುಟುಂಬಕ್ಕೇ ಸೇರಿದ್ದು. ಅಲ್ಲಿ ಆಜ್ಟೆಕ್ ದೊರೆಗಳು ಆಳುತ್ತಿದ್ದ ಕಾಲಕ್ಕೆ ಮುಸುಕಿನ ಜೋಳ, ಬೀನ್ಸ್ ಕಾಳು, ದಂಟಿನ ಬೀಜ, ಚಿಯಾ ಇವೇ ಜನರ ಊಟ. ಪ್ರಾಂತ್ಯಗಳಿಂದ ದೊರೆಗೆ ಸಲ್ಲುತ್ತಿದ್ದ ಕಪ್ಪಕಾಣಿಕೆಯಲ್ಲಿ ಚಿಯಾವೂ ಇತ್ತು. 1540ರ ಸುಮಾರಿನ ಒಂದು ಚಿತ್ರಗ್ರಂಥದಲ್ಲಿ ಅದರ ಲೆಕ್ಕವೇ ಇದೆ. ಹುರಿದ ಜೋಳದ ಹಿಟ್ಟಿಗೆ ಚಿಯಾ ಹಿಟ್ಟು ಬೆರೆಸಿ ನೀರಿನಲ್ಲಿ ಕಲಸಿ ಕುಡಿಯುತ್ತಿದ್ದರು. ನಮ್ಮ ಹುರಿಹಿಟ್ಟಿನ ಹಾಗೆ ಅಂದುಕೊಳ್ಳಿ. ಬೀಜದಿಂದ ಎಣ್ಣೆ ತೆಗೆದು ಮರದ ಮತ್ತು ಸೋರೆಬುರುಡೆಯ ಸಾಮಾನಿಗೆ ಹೊಳಪಿನ ಬಣ್ಣ ಹಚ್ಚುವ ಕಸುಬೂ ಇತ್ತು.

1521ರಲ್ಲಿ ಸ್ಪೇನಿನವರು ಆ ರಾಜಧಾನಿಯನ್ನು ಗೆದ್ದರು. ಅವರಿಗೆ ಬೇಕಾದದ್ದು ಗೋಧಿ. ಚಿಯಾ ಕೇಳುವವರಿಲ್ಲದೆ ಹಿಂದೆ ಸರಿಯಿತು. ಆದರೆ ಸಾಯಲಿಲ್ಲ, ಇಲ್ಲಿ ಸ್ವಲ್ಪ ಗಮನ ಕೊಡಿ. ಸುಮಾರು ನಾನೂರೈವತ್ತು ವರ್ಷ ಹೊರಗಿನ ದೊಡ್ಡ ಪೇಟೆ ಇಲ್ಲದೆ ಈ ಬೆಳೆ ಉಳಿದದ್ದು ಹೇಗೆ? ಅಲ್ಲಿಯ ಹಳ್ಳಿಗಳ ಹೆಣ್ಣುಮಕ್ಕಳು ನಿಂಬೆರಸ, ಸಕ್ಕರೆ, ಚಿಯಾ ಹಾಕಿ ಪಾನಕ ಮಾಡುವುದನ್ನು ಬಿಡಲಿಲ್ಲ. ಈಸ್ಟರ್‌ಗೆ ಮುಂಚೆ ಮೇರಿ ಮಾತೆಯ ಪೂಜೆಯ ಅಟ್ಟಣೆಗೆ ಮಣ್ಣಿನ ಬೊಂಬೆಗಳ ಮೇಲೆ ಚಿಯಾ ಮೊಳಕೆ ಬರಿಸಿ ಇಡುವುದನ್ನೂ ಬಿಡಲಿಲ್ಲ. ಅಡುಗೆಮನೆಯಲ್ಲಿ, ದೇವರ ಮುಂದೆ ಇದ್ದುದರಿಂದ ಬೀಜ ಉಳಿಯಿತು. 1990ರ ದಶಕದಲ್ಲಿ ಅರ್ಜೆಂಟೀನಾದಲ್ಲಿ ವ್ಯಾಪಾರಕ್ಕಾಗಿ ಬೆಳೆಸಲು ಶುರುಮಾಡಿದರು, 2009ರಲ್ಲಿ ಯೂರೋಪಿನವರು ಬ್ರೆಡ್ಡಿಗೆ ಹಾಕಲು ಒಪ್ಪಿಗೆ ಕೊಟ್ಟರು, ಆಮೇಲೆ ಪ್ರಪಂಚಕ್ಕೆಲ್ಲಾ ಹೆಸರಾಯಿತು. ನಮ್ಮ ಕಡೆಗೆ ತಂದವರು ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಸ್ಥೆಯವರು, 2010ರ ನಂತರ. ಎಚ್.ಡಿ. ಕೋಟೆ ಕಡೆ ಚೆನ್ನಾಗಿ ಹಬ್ಬಿತು.

ಬೇಸಾಯದ ಬಗ್ಗೆ ಉದ್ದ ಬೇಡ, ನಿಮಗೇ ಗೊತ್ತು. ಹಗಲು ಕುಗ್ಗುವ ಕಾಲಕ್ಕೆ ಹೂ ಬಿಡುವ ಗಿಡ, ಆದ್ದರಿಂದ ಮುಂಗಾರಿನ ಕೊನೆಗೆ ಬಿತ್ತುವುದೇ ಸರಿ. ನೀರು ನಿಲ್ಲಬಾರದು.

ಇನ್ನು ಸತ್ವದ ಮಾತು. ನೂರು ಗ್ರಾಂ ಚಿಯಾದಲ್ಲಿ ಸುಮಾರು 17 ಗ್ರಾಂ ಪ್ರೋಟೀನು, 31 ಗ್ರಾಂ ಕೊಬ್ಬು, 34 ಗ್ರಾಂ ನಾರು, 630 ಮಿಲಿಗ್ರಾಂ ಸುಣ್ಣದಂಶ ಇದೆ. ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಒಮೆಗಾ-3. ರಾಗಿಯಲ್ಲಿ ಸುಣ್ಣದಂಶ 350ರ ಆಸುಪಾಸು. ಹಾಗಂತ ಮುದ್ದೆ ಬಿಟ್ಟು ಚಿಯಾ ಹಿಡಿಯಬೇಡಿ. ಚಿಯಾವನ್ನು ನೂರು ಗ್ರಾಂ ಯಾರು ತಿನ್ನುತ್ತಾರೆ? ದಿನಕ್ಕೆ ಒಂದು ದೊಡ್ಡ ಚಮಚ, ಅಂದರೆ 12-15 ಗ್ರಾಂ. ಅದರಲ್ಲಿ ಸಿಗುವ ಸುಣ್ಣದಂಶ ನೂರು ಮಿಲಿಗ್ರಾಮಿಗಿಂತ ಕಡಿಮೆ. ಮುದ್ದೆಯ ಕೆಲಸ ಮುದ್ದೆಯೇ ಮಾಡಬೇಕು. ಒಮೆಗಾ-3 ವಿಚಾರದಲ್ಲಿ ನಮ್ಮ ಅಗಸೆ ಚಿಯಾಕ್ಕೆ ಏನೂ ಕಡಿಮೆ ಇಲ್ಲ, ಮೀನಿನಲ್ಲಿರುವುದು ಬೇರೆ ಬಗೆ. ಪೇಟೆಯಲ್ಲಿ ಕೆಲವರು ಇದನ್ನು ಸಕ್ಕರೆ ಕಾಯಿಲೆಗೆ, ಬಿ.ಪಿ.ಗೆ ರಾಮಬಾಣ ಅಂತ ಮಾರುತ್ತಾರೆ. ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಏನನ್ನೂ ಬಿಡಬೇಡಿ.

ಒಂದು ಎಚ್ಚರಿಕೆ. ಚಿಯಾ ತನ್ನ ತೂಕದ ಹತ್ತು ಪಟ್ಟು ನೀರು ಹೀರಿ ಲೋಳೆಯಾಗುತ್ತದೆ. ಅಮೆರಿಕದಲ್ಲಿ 39 ವರ್ಷದ ಒಬ್ಬರು ಒಂದು ಚಮಚ ಒಣ ಬೀಜ ನುಂಗಿ ಮೇಲೆ ನೀರು ಕುಡಿದರು. ಅದು ಅನ್ನನಾಳದಲ್ಲೇ ಉಬ್ಬಿ ಕಟ್ಟಿಕೊಂಡು ಆಸ್ಪತ್ರೆಯಲ್ಲಿ ತೆಗೆಸಬೇಕಾಯಿತು. 2014ರಲ್ಲಿ ವೈದ್ಯರೇ ಇದನ್ನು ತಿಳಿಸಿದರು. ಅರ್ಧ ಗಂಟೆ ನೆನೆಸಿ, ಇಲ್ಲವೇ ಪುಡಿ ಮಾಡಿ ಹಿಟ್ಟಿಗೆ ಬೆರೆಸಿ. ಕಾಮಕಸ್ತೂರಿ ಬೀಜವೇ ಇದು ಅಂತ ಅನೇಕರು ತಿಳಿದಿದ್ದಾರೆ, ಅಲ್ಲ. ಕಾಮಕಸ್ತೂರಿ ಪೂರಾ ಕಪ್ಪು, ನೀರಿಗೆ ಹಾಕಿದ ಕೆಲವೇ ನಿಮಿಷಕ್ಕೆ ಉಬ್ಬುತ್ತದೆ. ಚಿಯಾ ಬೂದು ಬಣ್ಣದ ಮೇಲೆ ಚುಕ್ಕೆ, ಕೆಲವು ಬಿಳಿ, ನಿಧಾನವಾಗಿ ನೆನೆಯುತ್ತದೆ.

ನಮ್ಮ ಮನೆಯವರು ಮೊದಲು ಮಜ್ಜಿಗೆಗೆ ಹಾಕಿ ಕೊಟ್ಟರು. ಕಪ್ಪೆ ಮೊಟ್ಟೆ ಹಾಗಿದೆ ಅಂತ ಮಕ್ಕಳು ಲೋಟ ದೂಡಿದರು. ಆಮೇಲೆ ಹುಚ್ಚೆಳ್ಳು ಚಟ್ನಿಪುಡಿಗೆ ಕಾಲು ಭಾಗ ಹುರಿದ ಚಿಯಾ ಸೇರಿಸಿದರು, ಯಾರಿಗೂ ಗೊತ್ತಾಗಲಿಲ್ಲ, ಡಬ್ಬಿ ಖಾಲಿ! ರಾಗಿ ರೊಟ್ಟಿ ಹಿಟ್ಟಿಗೆ ಒಂದು ಚಮಚ ಪುಡಿ ಹಾಕಿದರೆ ರೊಟ್ಟಿ ಬಿರಿಯುವುದಿಲ್ಲ. ಅಂಬಲಿಗೂ ನಡೆಯುತ್ತದೆ. ಮೊಟ್ಟೆ ತಿನ್ನದವರು ಕೇಕಿಗೆ ಒಂದು ಚಮಚ ಚಿಯಾಕ್ಕೆ ಮೂರು ಚಮಚ ನೀರು ಹಾಕಿ ನೆನೆಸಿ ಬಳಸಬಹುದು. ನಮ್ಮವ್ವನಿಗೆ ಇವತ್ತಿಗೂ ಚಿಯಾ ಹಿಡಿಸಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಆಡಳಿತ ಮಂಡಳಿಯ ಮುಂದೆ ನನ್ನದೊಂದು ಕೋರಿಕೆ. ಈ ಸಾರಿ ಯಾರೂ ಅರ್ಧ ಎಕರೆಗಿಂತ ಹೆಚ್ಚು ಬಿತ್ತುವುದು ಬೇಡ. ಬೆಳೆದದ್ದನ್ನು ಸಂಘದ ಗೋದಾಮಿನಲ್ಲಿ ತೂಗಿ ಇಡೋಣ, ಬೆಲೆ ಬರುವವರೆಗೆ ಅದರ ಮೇಲೆ ಸ್ವಲ್ಪ ಮುಂಗಡ ಕೊಡೋಣ, ಕಾಲು ಕೆ.ಜಿ. ಪೊಟ್ಟಣ ಮಾಡಿ ನಮ್ಮ ನ್ಯಾಯಬೆಲೆ ಅಂಗಡಿಯ ಪಕ್ಕದಲ್ಲೇ ಮಾರೋಣ. ಪ್ರತಿ ಮನೆಯೂ ಐದು ಕೆ.ಜಿ. ತನಗೆ ಅಂತ ತೆಗೆದಿಟ್ಟುಕೊಳ್ಳಲಿ. ಕಳೆದ ಸಾರಿ ನಷ್ಟ ಆದವರಿಗೆ ಬೀಜದ ದುಡ್ಡಿನಲ್ಲಿ ವಿನಾಯಿತಿ ಕೊಡುವ ವಿಷಯ ಬರುವ ಮಹಾಸಭೆಯ ಪಟ್ಟಿಗೆ ಸೇರಬೇಕು. ಸೇರಿಸದಿದ್ದರೆ ನಾನೇ ಎದ್ದು ಕೇಳುತ್ತೇನೆ.

ಊಟದ ಪಂಕ್ತಿಯ ಪಕ್ಕ ಮಹಿಳಾ ಸ್ವಸಹಾಯ ಸಂಘದವರು ನಿಂಬೆ ಪಾನಕ ಇಟ್ಟಿದ್ದಾರೆ. ಅದರಲ್ಲಿರುವುದು ನಮ್ಮೂರ ಹೊಲದ ಚಿಯಾ. ಒಂದೊಂದು ಲೋಟ ಕುಡಿದು, ಹೇಗಿದೆ ಅಂತ ಅವರಿಗೆ ಹೇಳಿ ಹೋಗಿ.