ಮಳೆನೀರಿಗೂ ಒಂದು ಕಾನೂನು: ಫ್ಲೋರಿಡಾದ ನಲವತ್ತೆರಡು ವರ್ಷ

(ಮಲೆನಾಡಿನ ಹಳ್ಳ-ಹೊಳೆಗಳನ್ನು ಕುರಿತ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ನದಿ ಕೆಟ್ಟಿತು ಎಂದೊಡನೆ ಎಲ್ಲರ ಕಣ್ಣ ಮುಂದೆ ನಿಲ್ಲುವ ಚಿತ್ರ ಒಂದೇ. ಕಾರ್ಖಾನೆಯ ಗೋಡೆಯಿಂದ ಹೊರಚಾಚಿದ ಒಂದು ಕೊಳವೆ, ಅದರಿಂದ ಸುರಿಯುವ ಕಪ್ಪು ನೀರು. ಆ ಕೊಳವೆಗೆ ಒಡೆಯನಿದ್ದಾನೆ. ಅವನಿಗೆ ನೋಟೀಸು ಕೊಡಬಹುದು, ದಂಡ ಹಾಕಬಹುದು, ಊರವರು ಗೇಟಿನ ಮುಂದೆ ಕುಳಿತು ಧರಣಿ ಮಾಡಬಹುದು. ಆದರೆ ಮಳೆನೀರಿಗೆ ಒಡೆಯನಿಲ್ಲ. ಆಕಾಶದಿಂದ ಶುದ್ಧವಾಗಿಯೇ ಇಳಿದ ನೀರು ಹೆಂಚು, ತಾರಸಿ, ಡಾಂಬರು ರಸ್ತೆ, ಸಂತೆ ಮಾಳ, ಗೊಬ್ಬರ ಚೆಲ್ಲಿದ ತೋಟ ಇವೆಲ್ಲವನ್ನೂ ತೊಳೆದುಕೊಂಡು ಹಳ್ಳಕ್ಕೆ ಸೇರುವಾಗ ಅದರಲ್ಲಿ ಏನೇನಿದೆ ಎಂದು ಕೇಳುವವರಿರುವುದಿಲ್ಲ. ಅಮೆರಿಕದ ಶುದ್ಧ ಜಲ ಕಾಯಿದೆಯೂ 1972ರಲ್ಲಿ ಹಿಡಿದದ್ದು ಮುಖ್ಯವಾಗಿ ಕೊಳವೆಗಳನ್ನೇ. ನಗರಗಳ ಮಳೆನೀರು ಚರಂಡಿಗಳು ಪರವಾನಗಿಯ ವ್ಯಾಪ್ತಿಗೆ ಸ್ಪಷ್ಟವಾಗಿ ಬಂದದ್ದು 1987ರ ತಿದ್ದುಪಡಿಯ ನಂತರ.

ಮಳೆನೀರು ಹೊತ್ತು ತರುವುದರಲ್ಲಿ ವಿಷಕ್ಕಿಂತ ಹೆಚ್ಚು ತೊಂದರೆ ಕೊಡುವುದು ಆಹಾರ ಎಂದರೆ ಕೆಲವರಿಗೆ ವಿಚಿತ್ರವೆನಿಸಬಹುದು. ಸಾರಜನಕ ಮತ್ತು ರಂಜಕ ಗಿಡಗಳಿಗೆ ಆಹಾರ. ಗದ್ದೆಯಲ್ಲಿ ಅವು ಭತ್ತವನ್ನು ಬೆಳೆಸುತ್ತವೆ. ಕೆರೆಯಲ್ಲಿ ಪಾಚಿಯನ್ನು ಬೆಳೆಸುತ್ತವೆ. ಪಾಚಿ ಮಿತಿಮೀರಿ ಬೆಳೆದು, ಸತ್ತು, ಕೊಳೆಯುವಾಗ ನೀರಿನೊಳಗಿನ ಆಮ್ಲಜನಕವನ್ನು ನುಂಗಿಬಿಡುತ್ತದೆ. ಆಗ ಮೀನುಗಳು ಉಸಿರಾಟವಿಲ್ಲದೆ ಸಾಯುತ್ತವೆ. ನೀಲಿ-ಹಸಿರು ಪಾಚಿಯ ಕೆಲವು ಜಾತಿಗಳು ಯಕೃತ್ತಿಗೆ ಹಾನಿ ಮಾಡುವ ವಿಷವನ್ನೂ ಸೂಸುತ್ತವೆ. ಆ ನೀರು ಕುಡಿದ ದನ, ನಾಯಿಗಳು ಸತ್ತ ನಿದರ್ಶನಗಳು ಹಲವು ದೇಶಗಳಲ್ಲಿವೆ.

ಈ ಸಂಗತಿಯನ್ನು ಕಣ್ಣಿಗೆ ಕಾಣುವಂತೆ ತೋರಿಸಿದ ಪ್ರಯೋಗವೊಂದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. 1973ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 226ನೇ ಸಂಖ್ಯೆಯ ಸಣ್ಣ ಸರೋವರವನ್ನು ನಡುವೆ ಪರದೆ ಇಳಿಬಿಟ್ಟು ಎರಡು ಭಾಗ ಮಾಡಿದರು. ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕ, ಇನ್ನೊಂದಕ್ಕೆ ಅವೆರಡರ ಜೊತೆಗೆ ರಂಜಕ. ರಂಜಕ ಬಿದ್ದ ಭಾಗ ಪಾಚಿಗಟ್ಟಿ ಹಸಿರಾಯಿತು. ಮತ್ತೊಂದು ಭಾಗ ತಿಳಿಯಾಗಿಯೇ ಉಳಿಯಿತು. ಮೇಲಿನಿಂದ ತೆಗೆದ ಆ ಸರೋವರದ ಚಿತ್ರ ನೂರು ಪುಟಗಳ ವರದಿಗಿಂತ ಹೆಚ್ಚು ಕೆಲಸ ಮಾಡಿತು. ಸಿಹಿನೀರಿನಲ್ಲಿ ಬಹುಮಟ್ಟಿಗೆ ರಂಜಕವೇ ಪಾಚಿಯ ಬೆಳವಣಿಗೆಯ ಕೀಲಿಕೈ. ಸಮುದ್ರದಂಚಿನ ಹಿನ್ನೀರಿನಲ್ಲಿ ಸಾರಜನಕದ ಪಾತ್ರ ಹಿರಿದು. ಆದ್ದರಿಂದ ಎರಡನ್ನೂ ತಡೆಯಬೇಕಾಗುತ್ತದೆ.

ಮಳೆನೀರನ್ನು ಶುದ್ಧೀಕರಿಸಿಯೇ ಬಿಡಬೇಕು ಎಂದು ಹೊಸ ನಿರ್ಮಾಣಗಳಿಗೆಲ್ಲ ಮೊದಲಿಗೇ ಕಟ್ಟಳೆ ವಿಧಿಸಿದ ರಾಜ್ಯಗಳಲ್ಲಿ ಫ್ಲೋರಿಡಾ ಒಂದು. ಅಮೆರಿಕದ ಆಗ್ನೇಯ ತುದಿಯ ಈ ರಾಜ್ಯ ಮಟ್ಟಸವಾದ ಮರಳುನೆಲ. ಅಲ್ಲಿಯೂ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಎರಡನೆಯ ಮಹಾಯುದ್ಧದ ತರುವಾಯ ಜನ ಹಿಂಡುಹಿಂಡಾಗಿ ಬಂದು ನೆಲೆಸಿದರು. ಜೌಗು ಬಸಿದು ಬಡಾವಣೆಗಳಾದವು. ಕಾಂಕ್ರೀಟು ಹಾಸಿದ ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್ ನೀರು ಇಂಗದೆ ಹರಿದುಹೋಗುತ್ತದೆ. ಮೊದಲ ನೀರಿನಲ್ಲಿಯೇ ಕೊಳೆ ಹೆಚ್ಚು. ಮುಂಗಾರಿನ ಮೊದಲ ಕೆನ್ನೀರನ್ನು ಕಂಡ ಮಲೆನಾಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1982ರಲ್ಲಿ ಜಾರಿಗೆ ಬಂದ ಫ್ಲೋರಿಡಾದ ನಿಯಮದ ತಿರುಳು ಇಷ್ಟೇ. ಹೊಸದಾಗಿ ಕಟ್ಟುವವರು ಮಳೆಯ ಮೊದಲ ಹರಿವನ್ನು ತಮ್ಮ ನೆಲದಲ್ಲಿಯೇ ಹಿಡಿದಿಡಬೇಕು: ಇಂಗುಗುಂಡಿಯಲ್ಲಾದರೂ ಸರಿ, ಸದಾ ನೀರಿರುವ ಹೊಂಡದಲ್ಲಾದರೂ ಸರಿ. ಹೊಂಡದಲ್ಲಿ ನೀರು ಕೆಲವು ದಿನ ನಿಂತಾಗ ಮಣ್ಣಿನ ಕಣಗಳು ತಳ ಸೇರುತ್ತವೆ. ಕಣಗಳಿಗೆ ಅಂಟಿದ ರಂಜಕವೂ ಅವುಗಳೊಡನೆ ಕೆಳಗಿಳಿಯುತ್ತದೆ. ಕೊಳೆಯ ವಾರ್ಷಿಕ ಹೊರೆಯಲ್ಲಿ ನೂರಕ್ಕೆ 80 ಭಾಗ ತಗ್ಗಬೇಕೆಂಬುದು ಗುರಿ. ಇಂದಿಗೂ ಆ ರಾಜ್ಯದ ಬಡಾವಣೆಗಳಲ್ಲೆಲ್ಲ ಕಾಣುವ ಹೊಂಡಗಳು ಈ ನಿಯಮದ ಸಂತಾನ. ನೋಡುವವರು ಅವನ್ನು ಅಲಂಕಾರದ ಕೊಳಗಳೆಂದೇ ತಿಳಿಯುತ್ತಾರೆ.

ಆದರೆ ನಿಯಮದೊಳಗೆ ಒಂದು ಸಡಿಲು ಗಂಟಿತ್ತು. ಹೊಂಡದ ಉದ್ದ, ಅಗಲ, ಆಳ, ನೀರು ನಿಲ್ಲುವ ಅವಧಿ ಇವುಗಳನ್ನು ಕೈಪಿಡಿಯಲ್ಲಿ ಹೇಳಿದಂತೆ ಕಟ್ಟಿದರೆ ಸಾಕು, ನೀರು ಶುದ್ಧವಾಗಿದೆ ಎಂದು ಸರ್ಕಾರ ಭಾವಿಸಿಕೊಳ್ಳುತ್ತಿತ್ತು. ಕಾನೂನಿನ ಭಾಷೆಯಲ್ಲಿ ಇದಕ್ಕೆ ಪೂರ್ವಭಾವನೆ ಎನ್ನುತ್ತಾರೆ. ಹೊಂಡದಿಂದ ಹೊರಬಿದ್ದ ನೀರನ್ನು ಸೀಸೆಯಲ್ಲಿ ಹಿಡಿದು ಪರೀಕ್ಷಿಸಬೇಕೆಂಬ ಕಡ್ಡಾಯ ಸಾಮಾನ್ಯವಾಗಿ ಇರಲಿಲ್ಲ. ಶಾಲೆಗೆ ಹೆಸರು ಹಚ್ಚಿದವರೆಲ್ಲ ಪಾಸಾದರೆಂದು ಬರೆದುಕೊಂಡಂತೆ.

2007ರಲ್ಲಿ ಹಾರ್ಪರ್ ಮತ್ತು ಬೇಕರ್ ಎಂಬಿಬ್ಬರು ರಾಜ್ಯದ ಪರಿಸರ ಇಲಾಖೆಗಾಗಿ ಈ ವಿನ್ಯಾಸಗಳನ್ನೆಲ್ಲ ಒರೆಗೆ ಹಚ್ಚಿ ವರದಿ ಕೊಟ್ಟರು. ಹೆಚ್ಚಿನ ಹೊಂಡಗಳು 80ರ ಗುರಿ ಮುಟ್ಟುತ್ತಿರಲಿಲ್ಲ. ಸಾರಜನಕದ ವಿಷಯದಲ್ಲಂತೂ ನೀರು ನಿಲ್ಲುವ ಹೊಂಡಗಳ ಸಾಧನೆ ಗುರಿಯ ಅರ್ಧಕ್ಕೂ ಎಷ್ಟೋ ಕಡೆ ಬರುತ್ತಿರಲಿಲ್ಲ. ಇದಕ್ಕೆ ಕಾರಣವಿದೆ. ನೈಟ್ರೇಟ್ ರೂಪದ ಸಾರಜನಕ ಉಪ್ಪಿನಂತೆ ನೀರಿನಲ್ಲಿ ಕರಗಿರುತ್ತದೆ; ಎಷ್ಟು ದಿನ ನಿಲ್ಲಿಸಿದರೂ ತಳಕ್ಕಿಳಿಯುವುದಿಲ್ಲ. ಗಾಳಿಯಾಡದ ಕೆಸರಿನಲ್ಲಿ, ಕೊಳೆತ ಎಲೆಕಡ್ಡಿಯನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳು ಅದನ್ನು ಅನಿಲವಾಗಿಸಿ ಗಾಳಿಗೆ ಬಿಟ್ಟಾಗ ಮಾತ್ರ ಅದು ನೀರಿನಿಂದ ನಿಜವಾಗಿ ತೊಲಗುತ್ತದೆ. ಬರಿಯ ಗುಂಡಿ ತೋಡಿದರೆ ಆ ಕೆಲಸ ಆಗದು. ರಂಜಕದ ಕಥೆಯೂ ಪೂರ್ತಿ ನೆಮ್ಮದಿಯದಲ್ಲ. ಹೂಳು ತೆಗೆಯದೆ ಬಿಟ್ಟರೆ ಆಮ್ಲಜನಕ ಇಲ್ಲದ ತಳದಿಂದ ಅದು ಮತ್ತೆ ನೀರಿಗೆ ಏಳುತ್ತದೆ.

ವರದಿ ಬಂತು, ಆದರೆ ನಿಯಮ ಬದಲಾಗಲಿಲ್ಲ. 2010ರ ಸುಮಾರಿಗೆ ಸಿದ್ಧವಾಗಿದ್ದ ಹೊಸ ಕರಡು ಮೂಲೆ ಸೇರಿತು. ಅದೇ ವರ್ಷ ರಾಜ್ಯದ ಶಾಸನಸಭೆ ಇನ್ನೊಂದು ಕಾನೂನು ಮಾಡಿತು: ಐದು ವರ್ಷದಲ್ಲಿ 10 ಲಕ್ಷ ಡಾಲರಿಗಿಂತ ಹೆಚ್ಚಿನ ಹೊರೆ ಬೀಳುವ ಯಾವುದೇ ಇಲಾಖಾ ನಿಯಮ ಶಾಸನಸಭೆಯ ಅನುಮೋದನೆಯಿಲ್ಲದೆ ಜಾರಿಗೆ ಬರಕೂಡದು. ನೀರು ಕೆಡಿಸುವುದಕ್ಕೆ ತಗಲುವ ವೆಚ್ಚಕ್ಕೆ ಇಂಥ ಯಾವ ಅನುಮೋದನೆಯೂ ಬೇಕಾಗಿರಲಿಲ್ಲವೆಂಬುದನ್ನು ಗಮನಿಸಬೇಕು.

ಆ ವೆಚ್ಚವನ್ನು ತೆತ್ತವರು ಯಾರು? ಅಟ್ಲಾಂಟಿಕ್ ಕರಾವಳಿಯುದ್ದಕ್ಕೆ ಸುಮಾರು 250 ಕಿಲೋಮೀಟರ್ ಚಾಚಿರುವ ಇಂಡಿಯನ್ ರಿವರ್ ಲಗೂನ್ ಎಂಬ ಹಿನ್ನೀರಿನಲ್ಲಿ 2011ರಲ್ಲಿ ಪಾಚಿ ಹಿಂದೆಂದೂ ಕಾಣದಷ್ಟು ಹಬ್ಬಿತು. ನೀರು ಮಬ್ಬಾಗಿ ತಳಕ್ಕೆ ಬಿಸಿಲು ಇಳಿಯಲಿಲ್ಲ. ಮುಂದಿನ ವರ್ಷಗಳಲ್ಲಿ ಕಡಲಹುಲ್ಲಿನ ಅರ್ಧಕ್ಕಿಂತ ಹೆಚ್ಚು ಭಾಗ ನಾಶವಾಯಿತು. ಆ ಹುಲ್ಲನ್ನೇ ಮೇಯುವ ಮ್ಯಾನಟೀ ಎಂಬ ಸಾಧು ಕಡಲಹಸು ಹಸಿವಿನಿಂದ ಸಾಯತೊಡಗಿತು. 2021ರ ಒಂದೇ ವರ್ಷದಲ್ಲಿ ಫ್ಲೋರಿಡಾದಲ್ಲಿ ಸತ್ತ ಮ್ಯಾನಟೀಗಳು ಸುಮಾರು 1,100. ಮುಂದಿನ ಚಳಿಗಾಲದಲ್ಲಿ ಸರ್ಕಾರಿ ಸಿಬ್ಬಂದಿ 90 ಟನ್ನಿಗೂ ಹೆಚ್ಚು ಲೆಟ್ಯೂಸ್ ಸೊಪ್ಪನ್ನು ನೀರಿಗೆ ಎಸೆದು ಅವುಗಳನ್ನು ಬದುಕಿಸಲು ಯತ್ನಿಸಿದರು. ಬರಗಾಲದಲ್ಲಿ ಗೋಶಾಲೆ ತೆರೆಯುವುದು ಈ ನಾಡಿಗೆ ಗೊತ್ತು. ಕಡಲಿನ ಪ್ರಾಣಿಗೆ ಮೇವು ಒದಗಿಸುವ ಬರಗಾಲ ಮನುಷ್ಯನೇ ತಂದದ್ದು. ಬಡಾವಣೆಗಳ ಮಳೆನೀರೊಂದೇ ಇದಕ್ಕೆ ಕಾರಣವಲ್ಲ, ಮನೆಗಳ ಶೌಚಗುಂಡಿಗಳ ಸೋರಿಕೆಯೂ ಇತ್ತೆಂಬುದನ್ನು ಹೇಳದಿದ್ದರೆ ತಪ್ಪಾದೀತು.

ಒಳನಾಡಿನ ಓಕಿಚೋಬಿ ಸರೋವರದ್ದು ಇನ್ನೊಂದು ಕಥೆ. ಅದಕ್ಕೆ ವರ್ಷಕ್ಕೆ 140 ಟನ್ನಿಗಿಂತ ಹೆಚ್ಚು ರಂಜಕ ಸೇರಕೂಡದೆಂದು 2001ರಲ್ಲಿ ಮಿತಿ ಗೊತ್ತುಮಾಡಲಾಯಿತು. 2015ರೊಳಗೆ ಮುಟ್ಟಬೇಕೆಂದು ಗಡುವು. ಗಡುವು ಮುಗಿಯಿತು. ಹಲವು ವರ್ಷಗಳಲ್ಲಿ ಸೇರಿದ್ದು ಮಿತಿಯ ಮೂರು ಪಟ್ಟು. 2016ರಲ್ಲಿ ಮತ್ತು 2018ರಲ್ಲಿ ಪಾಚಿಯ ಕಾರಣಕ್ಕಾಗಿಯೇ ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು. 2018ರ ಜುಲೈ ಆರಂಭದಲ್ಲಿ ಸರೋವರದ ಮೇಲ್ಮೈಯ ಸುಮಾರು 90 ಭಾಗವನ್ನು ಪಾಚಿ ಮುಚ್ಚಿತ್ತೆಂದು ಉಪಗ್ರಹ ಚಿತ್ರಗಳಿಂದ ಅಂದಾಜಿಸಲಾಯಿತು.

ಅದರ ಮರುವರ್ಷ ರಚನೆಯಾದ ವಿಜ್ಞಾನಿಗಳ ಕಾರ್ಯಪಡೆ ಮಳೆನೀರಿನ ನಿಯಮವನ್ನು ತಿದ್ದಲೇಬೇಕೆಂದಿತು. 2020ರ ಶುದ್ಧ ಜಲಮಾರ್ಗ ಕಾಯಿದೆ ಇಲಾಖೆಗೆ ಹಾಗೆಯೇ ಆದೇಶಿಸಿತು. ಹೊಸ ನಿಯಮಕ್ಕೆ ಶಾಸನಸಭೆಯ ಅನುಮೋದನೆ ದೊರೆತು ಅಂಕಿತ ಬಿದ್ದದ್ದು 2024ರ ಜೂನ್ 28ರಂದು. ಈಗ ಸಾಮಾನ್ಯ ಜಾಗಗಳಲ್ಲಿ ರಂಜಕ ನೂರಕ್ಕೆ 80, ಸಾರಜನಕ ನೂರಕ್ಕೆ 55 ಭಾಗ ತಗ್ಗಬೇಕು. ವಿಶೇಷ ರಕ್ಷಣೆ ಪಡೆದ ನೀರಿನ ಮೇಲ್ಭಾಗದಲ್ಲಿ 90 ಮತ್ತು 80. ಎಷ್ಟು ತಗ್ಗುತ್ತದೆಂದು ನಿರ್ಮಾಣದ ಯಜಮಾನನ ಪರವಾಗಿ ಎಂಜಿನಿಯರು ಲೆಕ್ಕ ಹಾಕಿ ತೋರಿಸಬೇಕು. ಹೊಂಡವನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆ, ಅದಕ್ಕೆ ಹಣವೆಲ್ಲಿ, ತಪಾಸಣೆ ಯಾವಾಗ ಎಂಬುದನ್ನೂ ಮೊದಲೇ ಬರೆದುಕೊಡಬೇಕು. ಅಂಕಿಗಳಿಗಿಂತ ಈ ಕೊನೆಯ ಅಂಶವೇ ಹೆಚ್ಚು ಬೆಲೆಯುಳ್ಳದ್ದೆನ್ನಬೇಕು. ಕಟ್ಟಿಸಿದವನು ಮನೆ ಮಾರಿ ಹೋದಮೇಲೆ ಹೂಳು ತುಂಬಿದ ಹೊಂಡ ಯಾರದ್ದೂ ಅಲ್ಲದಂತಾಗಿತ್ತು.

ಹಾಗೆಂದು ಇದನ್ನು ಗೆಲುವೆಂದು ಕೊಂಡಾಡುವಂತಿಲ್ಲ. 2025ರ ಡಿಸೆಂಬರ್ 28ರೊಳಗೆ ಸಮಗ್ರ ಅರ್ಜಿ ಸಲ್ಲಿಸಿದವರಿಗೆ ಹಳೆಯ ನಿಯಮವೇ ಸಾಕೆಂದು ರಿಯಾಯಿತಿ ಸಿಕ್ಕಿತು. ನಾಲ್ಕು ದಶಕಗಳಲ್ಲಿ ಕಟ್ಟಿದ ಹಳೆಯ ಹೊಂಡಗಳು ಹಾಗೆಯೇ ಇವೆ. ಓಕಿಚೋಬಿಗೆ ಹೆಚ್ಚು ರಂಜಕ ಬರುವುದು ಹುಲ್ಲುಗಾವಲು, ಹೊಲ, ತೋಟಗಳಿಂದ. ಅಲ್ಲಿ ಶಿಫಾರಸು ಮಾಡಿದ ಪದ್ಧತಿಗಳಿಗೆ ಸಹಿ ಹಾಕಿ ಪಾಲಿಸುವ ಬೇಸಾಯಗಾರರ ನೀರು ಶುದ್ಧವೆಂಬ ಅದೇ ಪೂರ್ವಭಾವನೆ ಇನ್ನೂ ಊರ್ಜಿತದಲ್ಲಿದೆ. ಕೆಟ್ಟ ಮೇಲೆ ತೊಳೆಯುವುದಕ್ಕೆ ಏನು ಬೇಕಾಗುತ್ತದೆಂಬುದಕ್ಕೆ ಎವರ್‌ಗ್ಲೇಡ್ಸ್ ಜೌಗುನಾಡನ್ನು ನೋಡಬಹುದು. ಅಲ್ಲಿಗೆ ಹರಿಯುವ ನೀರಿನ ರಂಜಕವನ್ನು ಹೀರಲು 1994ರ ಕಾಯಿದೆಯ ತರುವಾಯ ಕಟ್ಟಿದ ಕೃತಕ ಜೌಗುಗಳ ವಿಸ್ತಾರ 57,000 ಎಕರೆಗೂ ಮಿಕ್ಕಿದೆ.

ಇನ್ನು ಕರ್ನಾಟಕದ ಮಾತು. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ಮತ್ತು ಬೆಂಕಿಯನ್ನು ನಾಡೆಲ್ಲ ಕಂಡಿದೆ. ಅಲ್ಲಿನ ಮುಖ್ಯ ಅಪರಾಧಿ ಒಳಚರಂಡಿಯ ಕೊಳಚೆ. ಅದು ಬಂದದ್ದು ಮಳೆನೀರಿಗಾಗಿ ಇದ್ದ ರಾಜಕಾಲುವೆಯಲ್ಲಿ. 2009ರ ತಿದ್ದುಪಡಿಯಿಂದ ಬೆಂಗಳೂರಿನಲ್ಲಿ ಮಳೆನೀರು ಕೊಯ್ಲು ಕಡ್ಡಾಯವಾಯಿತು. ಆದರೆ ಅದರ ಕಣ್ಣಿದ್ದದ್ದು ನೀರಿನ ಅಭಾವದ ಮೇಲೆ, ಹರಿದುಹೋಗುವ ನೀರಿನ ಕೊಳೆಯ ಮೇಲಲ್ಲ. 2016ರಲ್ಲಿ ಹಸಿರು ನ್ಯಾಯಾಧಿಕರಣ ಕೆರೆಗಳ ಸುತ್ತ 75 ಮೀಟರ್ ಕಾಯ್ದ ಅಂಚು ಬಿಡಬೇಕೆಂದು ಆಜ್ಞೆ ಮಾಡಿತು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಕೆರೆಯಂಚಿನ ಹುಲ್ಲು ಮತ್ತು ಪೊದೆ ಹರಿವನ್ನು ಸೋಸುವ ಜರಡಿಯೆಂಬ ವಾದಕ್ಕೆ ಹೊಸ ಕಾನೂನಿನ ಆಸರೆ ಬೇಕಾಗಿದೆ.

ಫ್ಲೋರಿಡಾದ ಹೊಂಡವನ್ನು ಹಾಗೆಯೇ ತಂದು ಮಲೆನಾಡಿನಲ್ಲಿ ತೋಡಿದರೆ ಪ್ರಯೋಜನವಾಗದು. ಅಲ್ಲಿ ವರ್ಷದ ಮಳೆ ಸುಮಾರು 1,350 ಮಿಲಿಮೀಟರ್, ಮೊದಲ ಒಂದು ಅಂಗುಲವನ್ನು ಹಿಡಿದರೆ ಹಲವು ಮಳೆಗಳನ್ನು ಪೂರ್ತಿಯಾಗಿಯೇ ಹಿಡಿದಂತೆ. ಆಗುಂಬೆಯ ಸೀಮೆಯಲ್ಲಿ ಅದರ ಐದು ಪಟ್ಟು ಮಳೆ. ವಾರಗಟ್ಟಲೆ ಬಿಡದೆ ಸುರಿದು ಯಾವ ಹೊಂಡವನ್ನೂ ತುಳುಕಿಸಿ ಗುಡ್ಡದ ಇಳಿಜಾರಿನಲ್ಲಿ ಓಡುತ್ತದೆ. ಇಲ್ಲಿ ತಡೆಯಬೇಕಾದದ್ದು ನೀರನ್ನಲ್ಲ, ಅದಕ್ಕೆ ಸೇರುವ ಸಾರವನ್ನು. ಅದಕ್ಕೆ ಫ್ಲೋರಿಡಾದಲ್ಲಿಯೇ ಅಗ್ಗದ ಮಾದರಿಯೊಂದಿದೆ. ಸರಸೋಟ ಕೌಂಟಿ 2007ರಲ್ಲಿ, ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಮನೆಯಂಗಳದ ಹುಲ್ಲಿಗೆ ಸಾರಜನಕ, ರಂಜಕದ ಗೊಬ್ಬರ ಹಾಕಕೂಡದೆಂದು ನಿಷೇಧಿಸಿತು. ಹಲವು ಊರುಗಳು ಅದನ್ನು ಅನುಸರಿಸಿದವು. ಸುರಿವ ಮಳೆಯಲ್ಲಿ ಹಾಕಿದ ಗೊಬ್ಬರ ಹಾಕಿದವನಿಗೂ ದಕ್ಕದೆ ಹೊಳೆಗೆ ಹೋಗುತ್ತದೆಂಬ ತಿಳಿವಳಿಕೆಯೇ ಅದರ ಬುಡ.

ಅಡಿಕೆ ತೋಟಕ್ಕೆ ಗೊಬ್ಬರವನ್ನು ಒಂದೇ ಬಾರಿಗೆ ಸುರಿಯದೆ ಮುಂಗಾರಿನ ಬಿರುಸಿಗೆ ಮುನ್ನ ಒಂದು ಕಂತು, ಮಳೆ ಇಳಿಮುಖವಾದಾಗ ಇನ್ನೊಂದು ಕಂತು ಕೊಡುವುದು. ಬುಡಕ್ಕೆ ಸೊಪ್ಪಿನ ಹೊದಿಕೆ ಹಾಕುವುದು. ಬಸಿಗಾಲುವೆ ಹಳ್ಳವನ್ನು ಕೂಡುವಲ್ಲಿ ನಾಲ್ಕು ಮಾರು ಜಾಗವನ್ನು ಹುಲ್ಲು, ಮುಂಡಿಗೆಗೆ ಬಿಡುವುದು: ಇವು ಯಾವುದಕ್ಕೂ ಸರ್ಕಾರದ ಅಪ್ಪಣೆ ಬೇಡ. ರಸ್ತೆ ಅಗಲೀಕರಣ, ರೆಸಾರ್ಟು, ಬಡಾವಣೆಗಳಿಗಾಗಿ ಮಳೆಗಾಲದ ಹೊಸ್ತಿಲಲ್ಲಿ ಗುಡ್ಡ ಬಗೆಯುವುದಕ್ಕೆ ಮಾತ್ರ ಅಪ್ಪಣೆ ಬೇಕು. ಅದನ್ನು ಕೊಡುವ ಪಂಚಾಯಿತಿ, ಪುರಸಭೆಗಳ ಮುಂದೆ ಗ್ರಾಮಸಭೆಯಲ್ಲಿ ಇಡಬಹುದಾದ ಪ್ರಶ್ನೆಗಳು ಫ್ಲೋರಿಡಾ ನಲವತ್ತೆರಡು ವರ್ಷ ತಡವಾಗಿ ಕೇಳಿದವೇ: ಈ ಚರಂಡಿಯ ನೀರು ಎಲ್ಲಿಗೆ ಸೇರುತ್ತದೆ, ಹೂಳನ್ನು ಯಾರು ತೆಗೆಯುತ್ತಾರೆ, ಅದಕ್ಕೆ ಹಣ ಎಲ್ಲಿದೆ, ಹೊರಬಿದ್ದ ನೀರನ್ನು ಪರೀಕ್ಷಿಸಿದವರು ಯಾರು. ನಿಮ್ಮ ಊರಿನ ಮುಂದಿನ ಗ್ರಾಮಸಭೆಯ ನಡವಳಿ ಪುಸ್ತಕದಲ್ಲಿ ಈ ನಾಲ್ಕು ಸಾಲು ದಾಖಲಾಗಲಿ.