ಸಿಹಿ ನೀರುಳ್ಳಿ ಕಲಿಸಿದ ಪಾಠ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಬೆಂಗಳೂರಿನಿಂದ ಬಂದ ಸಾಫ್ಟ್‌ವೇರ್ ಇಂಜಿನಿಯರ್ ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದು ನೀವು ಅಂದುಕೊಂಡಿರಬಹುದು. ನಾನು ನಮ್ಮ ಕುಮಟಾ ಸೀಮೆಯ ಸಿಹಿ ನೀರುಳ್ಳಿಯ ಬಗ್ಗೆ ಮಾತಾಡುತ್ತೇನೆ. ಹೈಸ್ಕೂಲಿನ ಮೂರು ವರ್ಷ ನನ್ನ ಪಟ್ಟಿ-ಪುಸ್ತಕಗಳ ಹಣ ಬಂದದ್ದು ಅದರಿಂದಲೇ. ಬೇಸಿಗೆ ರಜೆಯಲ್ಲಿ ಹೆದ್ದಾರಿ ಪಕ್ಕ ಗಳಕ್ಕೆ ಗೊಂಚಲು ತೂಗುಹಾಕಿ ಕೂರುತ್ತಿದ್ದೆವು. ಆಗ ಅದು 17ನೇ ನಂಬರಿನ ಹೆದ್ದಾರಿ, ಈಗ 66. ಕಾರು ನಿಲ್ಲಿಸಿದವರು ಚೌಕಾಸಿ ಮಾಡುವಾಗ ನಾಚಿಕೆಯಾಗುತ್ತಿತ್ತು. ಸಹಪಾಠಿಗಳು ಯಾರಾದರೂ ಬಸ್ಸಿನಲ್ಲಿ ಕಂಡರೆ ಗೊಂಚಲಿನ ಹಿಂದೆ ಮುಖ ಮರೆಮಾಡುತ್ತಿದ್ದೆ. ಇಂದು ಆ ನಾಚಿಕೆಗೇ ನಾಚಿಕೆಯಾಗುತ್ತದೆ.

ಒಂಬತ್ತನೇ ತರಗತಿಯಲ್ಲಿ ವಿಜ್ಞಾನದ ಮಾಸ್ತರು, “ನೀರುಳ್ಳಿ ಹೆಚ್ಚಿದರೆ ಕಣ್ಣಲ್ಲಿ ನೀರು ಯಾಕೆ?” ಎಂದು ಕೇಳಿದ್ದರು. “ನಮ್ಮ ಮನೆ ನೀರುಳ್ಳಿ ಹೆಚ್ಚಿದರೆ ಅಷ್ಟೇನೂ ಬರುವುದಿಲ್ಲ ಸರ್” ಎಂದೆ. ತರಗತಿ ನಕ್ಕಿತು, ಮಾಸ್ತರು ನಗಲಿಲ್ಲ. “ಹಾಗಾದರೆ ಯಾಕೆ ಬರುವುದಿಲ್ಲ ಅಂತ ಹುಡುಕು” ಎಂದರು.

ಹುಡುಕಲು ನನಗೆ ಹದಿನೈದು ವರ್ಷ ಹಿಡಿಯಿತು. ನೀರುಳ್ಳಿಯ ಘಾಟಿಗೆ ಕಾರಣ ಗಂಧಕ. ಬೇರು ಮಣ್ಣಿನಿಂದ ಗಂಧಕ ಹೀರಿ ಗಡ್ಡೆಯಲ್ಲಿ ಕೂಡಿಡುತ್ತದೆ. ಚಾಕು ತಾಗಿ ಜೀವಕೋಶ ಒಡೆದಾಗ ಅಲ್ಲಿಂದ ಎದ್ದ ಆವಿ ಕಣ್ಣಿಗೆ ಉರಿ ಕೊಡುತ್ತದೆ. ಮರಳು ಬೆರೆತ ಮಣ್ಣಿನಲ್ಲಿ ಗಂಧಕ ಹೆಚ್ಚು ನಿಲ್ಲುವುದಿಲ್ಲ, ಮಳೆ ತೊಳೆದು ಒಯ್ಯುತ್ತದೆ. ಸಿಹಿ ನೀರುಳ್ಳಿಯಲ್ಲಿ ಸಕ್ಕರೆ ಹೆಚ್ಚಿರಬೇಕೆಂದಿಲ್ಲ. ಘಾಟು ಕಡಿಮೆ ಇರುವುದರಿಂದ ಇರುವ ಸಿಹಿ ನಾಲಿಗೆಗೆ ತಿಳಿಯುತ್ತದೆ. ಅಮೆರಿಕದ ಜಾರ್ಜಿಯಾ ರಾಜ್ಯದ ಹೆಸರಾಂತ ವಿಡಾಲಿಯಾ ನೀರುಳ್ಳಿ ಸಿಹಿಯಾಗುವುದಕ್ಕೂ ಅಲ್ಲಿನ ಗಂಧಕ ಕಡಿಮೆಯಿರುವ ಮಣ್ಣು ಮುಖ್ಯ ಕಾರಣ.

ಈಗ ನನ್ನ ದಡ್ಡತನದ ಕತೆ. ಅಪ್ಪನಿಗೆ ಬೆನ್ನು ನೋವು ಬಂದು ಗದ್ದೆಯ ನೀರುಳ್ಳಿ ನಿಂತು ಮೂರು ವರ್ಷವಾಗಿತ್ತು. 2020ರಲ್ಲಿ ಮನೆಯಿಂದಲೇ ಕೆಲಸ ಎಂದಾಗ ಊರಿಗೆ ಬಂದೆ. ಹಿತ್ತಲಲ್ಲಿ ನೀರುಳ್ಳಿ ಹಾಕಬೇಕೆಂದು ಆನ್‌ಲೈನ್‌ನಲ್ಲಿ ವಿದೇಶಿ ಸಿಹಿ ನೀರುಳ್ಳಿಯ ಬೀಜ ತರಿಸಿದೆ. ಲ್ಯಾಪ್‌ಟಾಪ್‌ನಲ್ಲಿ ನೀರಿನ ಲೆಕ್ಕ, ಗೊಬ್ಬರದ ಲೆಕ್ಕ ಎಲ್ಲ ಬರೆದಿಟ್ಟೆ. ಎಲೆ ಹುಲುಸಾಗಿ ಬಂತು. ಏಪ್ರಿಲ್‌ನಲ್ಲಿ ಕಿತ್ತರೆ ಗಡ್ಡೆಯೇ ಇಲ್ಲ! ಕೇರಿಯ ದೊಡ್ಡಮ್ಮ ಬೇಲಿಯಾಚೆಯಿಂದ ನೋಡಿ, “ತಮ್ಮಾ, ಪಾಕೀಟಿನ ಮೇಲೆ ಗಡ್ಡೆ ಚಂದ ಇತ್ತಲ್ಲ, ಅದನ್ನೇ ಪಲ್ಯ ಮಾಡು” ಎಂದರು.

ತಪ್ಪಾದದ್ದು ಬಿಸಿಲಿನ ಲೆಕ್ಕ. ಹಗಲು ಇಷ್ಟು ಗಂಟೆ ದಾಟಿದರೆ ಮಾತ್ರ ಗಡ್ಡೆ ಕಟ್ಟುವುದು ನೀರುಳ್ಳಿಯ ಗುಣ. ತಣ್ಣನೆಯ ಉತ್ತರ ದೇಶಗಳ ತಳಿಗಳಿಗೆ ಸುಮಾರು 14 ಗಂಟೆಯ ಹಗಲು ಬೇಕು. ನಮ್ಮಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲೂ 13 ಗಂಟೆಯ ಆಸುಪಾಸು. ನಮ್ಮ ತಳಿಗಳಿಗೆ 11–12 ಗಂಟೆ ಸಾಕು. ಅಜ್ಜಂದಿರು ಈ ಲೆಕ್ಕ ಬರೆದಿಟ್ಟಿರಲಿಲ್ಲ, ಬೀಜದಲ್ಲೇ ಉಳಿಸಿಟ್ಟಿದ್ದರು.

ಮರುವರ್ಷ ದೊಡ್ಡಮ್ಮನೇ ಹಿಡಿಯಷ್ಟು ಬೀಜ ಕೊಟ್ಟರು. ಅವರು ಹೇಳಿದ ಕ್ರಮ ಇದು. ಭತ್ತದ ಕೊಯ್ಲು ಮುಗಿದ ಮೇಲೆ ಸಸಿ ಮಡಿ ಮಾಡಿ. ಆರೇಳು ವಾರದ ಸಸಿಯನ್ನು ನಾಲ್ಕು ನಾಲ್ಕು ಇಂಚು ದೂರಕ್ಕೆ ಮೇಲೆ ಮೇಲೆ ನೆಡಿ, ಆಳಕ್ಕೆ ಹೂಳಬೇಡಿ. ಒಣಗಿದ ಸಗಣಿ ಗೊಬ್ಬರ ಸಾಕು. ಸ್ವಲ್ಪ ಸ್ವಲ್ಪವೇ ನೀರು, ಆದರೆ ತಪ್ಪದೆ. ಕುತ್ತಿಗೆ ಸೋತು ಎಲೆ ಮಗ್ಗುಲಾದರೆ ನೀರು ನಿಲ್ಲಿಸಿ. ಇದಕ್ಕೆ ನಾನು ಸೇರಿಸುವುದು ಒಂದೇ ಮಾತು: ಸೂಪರ್ ಫಾಸ್ಫೇಟ್, ಅಮೋನಿಯಂ ಸಲ್ಫೇಟ್ ಎರಡರಲ್ಲೂ ಗಂಧಕವಿದೆ, ಸಿಹಿ ಬೇಕಾದವರು ಅವನ್ನು ದೂರವಿಡಿ.

ಈ ನೀರುಳ್ಳಿಯನ್ನು ಬೇಯಿಸಿ ಕರಗಿಸುವುದಕ್ಕಿಂತ ಹಸಿಯಾಗಿ ತಿನ್ನುವುದೇ ಚೆಂದ. ಗಂಜಿಯ ಜೊತೆ ಕಚ್ಚಿ ತಿನ್ನಿ, ಮೊಸರಿಗೆ ಹೆಚ್ಚಿ ಹಾಕಿ, ಅವಲಕ್ಕಿಗೆ ಬೆರೆಸಿ, ಹುರಿದ ಬಂಗಡೆಯ ಪಕ್ಕ ಇಡಿ. ನೀರಿನಂಶ ಹೆಚ್ಚಾದ್ದರಿಂದ ಬಹಳ ದಿನ ಬಾಳದು. ಎಲೆ ಸಮೇತ ಹೆಣೆದು ಗಾಳಿಯಾಡುವ ಕಡೆ ತೂಗುಹಾಕಿ, ಮಳೆಗಾಲದ ಥಂಡಿ ಹಿಡಿಯುವ ಮೊದಲು ಮುಗಿಸಿ.

ಆ ವರ್ಷ ಮೊದಲ ಗಡ್ಡೆ ಕಿತ್ತಾಗ ಅಪ್ಪ ಮೆಟ್ಟಿಲ ಮೇಲೆ ಕೂತು ಅದನ್ನು ಅಂಗೈಯಲ್ಲಿ ಹಿಸುಕಿ ಒಡೆದು ತಿಂದರು. “ಇದು ನಮ್ದು” ಎಂದರು. ಬೇರೆ ಮಾತಿಲ್ಲ.

ನನ್ನನ್ನು ಕಾಡುವ ಮಾತು ಒಂದಿದೆ. ನೀರುಳ್ಳಿ ಬೀಜ ಒಂದು ವರ್ಷ ಕಳೆದರೆ ಮೊಳಕೆಯ ಶಕ್ತಿ ಕಳೆದುಕೊಳ್ಳತೊಡಗುತ್ತದೆ, ಭತ್ತದ ಹಾಗೆ ಪಣತಕ್ಕೆ ಹಾಕಿ ಮರೆಯುವಂತಿಲ್ಲ. ಮೇಲಾಗಿ ಜೇನು ಹೂವಿಂದ ಹೂವಿಗೆ ಹೋಗುವುದರಿಂದ ಪಕ್ಕದಲ್ಲಿ ಬೇರೆ ತಳಿ ಹೂಬಿಟ್ಟರೆ ಬೀಜ ಬೆರಕೆಯಾಗುತ್ತದೆ. ಹಾಗಾಗಿ ಒಂದೇ ಮನೆ ಇದನ್ನು ಉಳಿಸಲಾರದು. ನಮ್ಮ ಮನೆ ಮೂರು ವರ್ಷ ಕೈಬಿಟ್ಟಿತ್ತು. ದೊಡ್ಡಮ್ಮನೂ ಬಿಟ್ಟಿದ್ದರೆ ನನಗೆ ಹಿಡಿ ಬೀಜ ಸಿಗುತ್ತಿರಲಿಲ್ಲ.

ಆದ್ದರಿಂದ ನನ್ನದೊಂದು ಬೇಡಿಕೆ. ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ಎರಡು ಮಡಿ ಸಿಹಿ ನೀರುಳ್ಳಿಗೆ ಕೊಡಿ. ಮಕ್ಕಳು ಬೆಳೆದದ್ದು ಬಿಸಿಯೂಟಕ್ಕಾಗಲಿ. ಬೀಜ ಹಂಚಿಕೊಳ್ಳುವ ಮನೆಗಳ ಪಟ್ಟಿ ಶಾಲೆಯಲ್ಲೇ ಇರಲಿ. ಸಸಿ ನೆಡುವ ವಾರ ಪ್ರತಿ ವರ್ಷ ರಜೆ ಹಾಕಿ ನಾನು ಬರುತ್ತೇನೆ. ಹೆಡ್‌ಮಾಸ್ತರರ ಎದುರು ಹೇಳುತ್ತಿದ್ದೇನೆ, ತಪ್ಪಿಸಿದರೆ ಹಾಜರಿ ಪುಸ್ತಕದಲ್ಲಿ ಗೈರು ಎಂದೇ ಬರೆಯಿರಿ.

ಮಾಸ್ತರೇ, ನಿಮ್ಮ ಪ್ರಶ್ನೆಗೆ ಉತ್ತರ ತಡವಾಯಿತು. ಕ್ಷಮೆಯಿರಲಿ.