ಕರೆದವರಿಗೆ ಓಗೊಡುವ ಕೆಲಸ

(ಎರ್ನಾಕುಲಂನ ನಮ್ಮ ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನವೆಂಬರ್ 1ನೆಯ ತಾರೀಖು ನಮಗೆ ಎರಡು ಮನೆಯ ಹಬ್ಬ. 1956ರಲ್ಲಿ ಅದೇ ದಿನ ಕನ್ನಡನಾಡು ಒಂದುಗೂಡಿತು. ಅದೇ ದಿನ, ನಮಗೆ ಅನ್ನವಿತ್ತ ಈ ಕೇರಳ ರಾಜ್ಯವೂ ಹುಟ್ಟಿತು. ಆದರೆ ನಮ್ಮಲ್ಲಿ ನಿವೃತ್ತರಾದ ಅನೇಕರಿಗೆ ನವೆಂಬರ್ ಎಂದೊಡನೆ ನೆನಪಾಗುವುದು ಹಬ್ಬವಲ್ಲ. ತಾವಿನ್ನೂ ಬದುಕಿದ್ದೇವೆಂದು ಪೆನ್ಷನ್ನಿನವರಿಗೆ ರುಜುವಾತು ಮಾಡಿಕೊಡಬೇಕಾದ ತಾಪತ್ರಯ. 2014ರಿಂದ ಈ ಜೀವಿತ ಪ್ರಮಾಣಪತ್ರವನ್ನು ಗಣಕಯಂತ್ರದ ಮೂಲಕವೇ ಸಲ್ಲಿಸಬಹುದಾಗಿದೆ. 2021ರಿಂದ ಮೊಬೈಲಿಗೆ ಮುಖ ತೋರಿಸಿದರೂ ಸಾಕು. ಅನುಕೂಲವೇನೋ ದೊಡ್ಡದು. ಆದರೆ ಮುಖ ತೋರಿಸುವುದಕ್ಕೆ ಮುಂಚೆ ಒತ್ತಬೇಕಾದ ಗುಂಡಿಗಳನ್ನು ತೋರಿಸಿಕೊಡುವವರು ಯಾರು? ಮಗ ಬೆಂಗಳೂರಿನಲ್ಲಿ, ಮಗಳು ಸಮುದ್ರದಾಚೆ. ಅವರನ್ನು ಕೇಳಿದರೆ, "ಅಪ್ಪ, ಅಷ್ಟೂ ಗೊತ್ತಾಗುವುದಿಲ್ಲವೆ?" ಎಂಬ ಒಂದು ಮಾತು ಬರುತ್ತದೆ. ಆ ಮಾತಿಗೆ ಹೆದರಿ ಎಷ್ಟೋ ಹಿರಿಯರು ಕೇಳುವುದನ್ನೇ ಬಿಟ್ಟಿದ್ದಾರೆ.

ಅಂಥವರಿಗಾಗಿ ನಮ್ಮ ಸಂಘವು ಕಳೆದ ಮಳೆಗಾಲದಲ್ಲಿ ಒಂದು ಸಣ್ಣ ಏರ್ಪಾಡು ಮಾಡಿತು. ದಿನವೂ ಸಂಜೆ ಎರಡು ಗಂಟೆಯ ಕಾಲ ನಮ್ಮ ಸ್ವಯಂಸೇವಕರಲ್ಲಿ ಇಬ್ಬರು ದೂರವಾಣಿಯ ಬಳಿ ಇರುತ್ತಾರೆ. ಕಂಪ್ಯೂಟರಿನಲ್ಲಾಗಲಿ ಮೊಬೈಲಿನಲ್ಲಾಗಲಿ ತೊಡಕು ಬಂದವರು ಕರೆದು ಕನ್ನಡದಲ್ಲಿ ಕೇಳಬಹುದು. ಅದರ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ.

ಇದೇನೂ ನಾವು ಕಂಡುಹಿಡಿದ ಹೊಸ ಸಂಗತಿಯಲ್ಲ. ನಾವು ನಿಂತಿರುವ ಈ ನೆಲವೇ ಅದಕ್ಕೆ ಮೇಲ್ಪಂಕ್ತಿ. ಸಾವಿರಾರು ಸ್ವಯಂಸೇವಕರು ಮನೆಮನೆಗೆ ಹೋಗಿ ಅಕ್ಷರ ಕಲಿಸಿದ್ದರಿಂದಲೇ 1990ರ ಫೆಬ್ರವರಿ 4ರಂದು ಎರ್ನಾಕುಲಂ ಭಾರತದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆಯೆಂದು ಘೋಷಿತವಾಯಿತು. 2002ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ 'ಅಕ್ಷಯ' ಕೇಂದ್ರಗಳು ಆರಂಭವಾಗಿ ಗಣಕಯಂತ್ರದ ವಿದ್ಯೆಯನ್ನು ಹಳ್ಳಿಗೆ ಒಯ್ದವು. 2022ರಲ್ಲಿ ತಿರುವನಂತಪುರಂ ಜಿಲ್ಲೆಯ ಪುಲ್ಲಂಪಾರ ಪಂಚಾಯಿತಿ ಸಂಪೂರ್ಣ ಡಿಜಿಟಲ್ ಸಾಕ್ಷರತೆ ಸಾಧಿಸಿತು. 2025ರ ಆಗಸ್ಟ್ 21ರಂದು ಇಡೀ ಕೇರಳಕ್ಕೇ ಆ ಹೆಸರು ಬಂದಿತು. ನಮ್ಮದೇ ಜಿಲ್ಲೆಯ, ನೂರು ವರ್ಷ ದಾಟಿದ ಹಿರಿಯರೊಬ್ಬರು ಮೊಬೈಲು ಕಲಿತದ್ದನ್ನು ಪತ್ರಿಕೆಗಳಲ್ಲಿ ಓದಿ ನಾವೆಲ್ಲ ಸಂತೋಷಪಟ್ಟೆವು.

ಹಾಗಾದರೆ ನಮ್ಮ ಏರ್ಪಾಡು ಏತಕ್ಕೆ ಎಂದು ಕೆಲವರು ಕೇಳಿದರು. ನಮ್ಮ ಹಿರಿಯರಿಗೆ ಅಂಗಡಿಗೂ ಬಸ್ಸಿಗೂ ಸಾಕಾಗುವಷ್ಟು ಮಲಯಾಳ ಬರುತ್ತದೆ. ಆದರೆ ದುಡ್ಡಿನ ವಿಷಯದಲ್ಲಿ ಗಾಬರಿಯಾದಾಗ ನಾಲಗೆ ತಾಯ್ನುಡಿಗೇ ಹೊರಳುತ್ತದೆ. ಅಲ್ಲದೆ ಒಮ್ಮೆ ಕಲಿತದ್ದು ತಿಂಗಳೊಂದರಲ್ಲಿ ಮರೆಯುತ್ತದೆ. ಮರೆತದ್ದನ್ನು ನಾಚಿಕೆಯಿಲ್ಲದೆ ಮತ್ತೆ ಕೇಳಲು ಒಂದು ಜಾಗ ಬೇಕು.

ದೂರವಾಣಿಯಲ್ಲಿ ಸಹಾಯ ಮಾಡುವುದು ನಾವೆಣಿಸಿದಷ್ಟು ಸುಲಭವಾಗಿರಲಿಲ್ಲ. ಎದುರಿನವರ ಪರದೆ ನಮಗೆ ಕಾಣುವುದಿಲ್ಲ. ಆದ್ದರಿಂದ "ಇದನ್ನು ಒತ್ತಿ" ಎನ್ನುವುದಕ್ಕೆ ಮುಂಚೆ "ಈಗ ತಮಗೆ ಏನು ಕಾಣುತ್ತಿದೆ?" ಎಂದು ಕೇಳಬೇಕೆಂಬುದು ನಮ್ಮ ಮೊದಲ ಪಾಠವಾಯಿತು. 'ಮೆನು' ಎಂದರೆ ತಿಳಿಯದವರಿಗೆ "ವಿಭೂತಿಯ ಮೂರು ಪಟ್ಟೆಯಂತೆ ಮೂರು ಗೆರೆ ಇವೆಯೆ?" ಎಂದರೆ ಕೂಡಲೆ ತಿಳಿಯುತ್ತದೆ. ಮೂರು ಚುಕ್ಕೆಗಳಿಗೆ ರಂಗೋಲಿಯ ಚುಕ್ಕಿ ಎಂದೆವು. ಸೆಟ್ಟಿಂಗಿನ ಗುರುತಿಗೆ ಗಡಿಯಾರದ ಹಲ್ಲಿನ ಚಕ್ರ ಎಂದೆವು. ಮೊಬೈಲಿನದೇ ತೊಡಕಾದರೆ ಕಿವಿಗಿಟ್ಟು ಮಾತಾಡುತ್ತ ಪರದೆ ನೋಡಲಾಗದು. ಸ್ಪೀಕರು ಹಾಕಬೇಕು, ಇಲ್ಲವೆ ಮನೆಯ ಇನ್ನೊಂದು ಫೋನಿನಿಂದ ಕರೆಯಬೇಕು. ಒಂದು ಮಾತಿಗೆ ಒಂದೇ ಹೆಜ್ಜೆ. ಗುಂಡಿ ಒತ್ತುವ ಬೆರಳು ಯಾವಾಗಲೂ ಅವರದೇ ಆಗಿರಬೇಕು. ನಾವು ಬರಿಯ ದಾರಿ ಹೇಳುವವರು.

ಇನ್ನು ನಮ್ಮ ತಪ್ಪೊಂದನ್ನು ಮುಚ್ಚಿಡದೆ ಹೇಳಬೇಕು. ಆರಂಭದ ವಾರಗಳಲ್ಲಿ ಹಿರಿಯ ತಾಯಿಯೊಬ್ಬರು ಮಿಂಚಂಚೆಯ ಪಾಸ್‌ವರ್ಡು ಮರೆತು ಕರೆದಿದ್ದರು. ಅರ್ಧ ಗಂಟೆಯಾದರೂ ಕೆಲಸ ಮುಗಿಯದಿರಲು, ನಮ್ಮ ಹುಡುಗನೊಬ್ಬ ಒಳ್ಳೆಯ ಮನಸ್ಸಿನಿಂದಲೇ, "ಅಮ್ಮ, ಬಂದಿರುವ ಓಟಿಪಿ ಹೇಳಿಬಿಡಿ, ನಾನೇ ಇಲ್ಲಿಂದ ಮುಗಿಸುತ್ತೇನೆ" ಎಂದನು. ಆ ತಾಯಿ ಮರುಮಾತಾಡದೆ ದೂರವಾಣಿಯನ್ನು ಇಟ್ಟುಬಿಟ್ಟರು. ಅವರು ಮಾಡಿದ್ದೇ ಸರಿ, ತಪ್ಪು ನಮ್ಮದು.

ಅಂದು ನಮಗೆ ನಿಜವಾಗಿ ಭಯವಾಯಿತು. ಮೋಸಗಾರರೂ ಮಾಡುವುದು ಇದನ್ನೇ ಅಲ್ಲವೆ? ಅವರದೂ ದೂರವಾಣಿಯ ದನಿಯೇ, ಅವರೂ "ಇದನ್ನು ಒತ್ತಿ, ಅದನ್ನು ಹೇಳಿ" ಎನ್ನುವವರೇ. ಪೊಲೀಸರ ವೇಷ ತೊಟ್ಟು 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸಿ, ಜೀವಮಾನದ ಉಳಿತಾಯವನ್ನು ದೋಚುವವರ ಸುದ್ದಿ ಎಲ್ಲರಿಗೂ ತಿಳಿದದ್ದೇ. ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ದನಿಯನ್ನು ನಂಬಿ ನಡೆಯುವ ಅಭ್ಯಾಸವನ್ನು ನಾವೇ ಮಾಡಿಸಿದರೆ, ನಾಳೆ ಕಳ್ಳನ ದನಿಗೂ ಅವರು ಹಾಗೆಯೇ ನಡೆದಾರು. ಉಪಕಾರ ಮಾಡಹೋಗಿ ಬಾಗಿಲು ತೆರೆದಿಟ್ಟಂತಾದೀತು!

ಆದುದರಿಂದ ನಾಲ್ಕು ಕಟ್ಟುಪಾಡುಗಳನ್ನು ಮಾಡಿಕೊಂಡೆವು. ನಾವಾಗಿ ಯಾರಿಗೂ ಮೊದಲು ಕರೆ ಮಾಡುವುದಿಲ್ಲ, ಕರೆಯಬೇಕಾದವರು ತಾವೇ. ಪಾಸ್‌ವರ್ಡು, ಪಿನ್ನು, ಓಟಿಪಿ, ಆಧಾರ್ ಸಂಖ್ಯೆಗಳನ್ನು ಕೇಳುವುದಿಲ್ಲ, ಹೇಳಹೊರಟರೆ ತಡೆಯುತ್ತೇವೆ. ನಮ್ಮಲ್ಲಿ ಕುಳಿತು ತಮ್ಮ ಯಂತ್ರವನ್ನು ನಡೆಸುವ ಯಾವ ಆ್ಯಪನ್ನೂ ಹಾಕಿಸುವುದಿಲ್ಲ. ಹಣ ಕಳಿಸುವ ಕೆಲಸದಲ್ಲಿ ಕೈಹಾಕುವುದಿಲ್ಲ. ಅದಕ್ಕೆ ಬ್ಯಾಂಕಿಗೇ ಹೋಗಬೇಕು. ಸಂಘದ ಹೆಸರು ಹೇಳಿಕೊಂಡು ಯಾರಾದರೂ ಇವುಗಳಲ್ಲಿ ಒಂದನ್ನು ಕೇಳಿದರೂ, ದನಿ ಎಷ್ಟೇ ಮಧುರವಾಗಿರಲಿ, ಕನ್ನಡ ಎಷ್ಟೇ ಚೆನ್ನಾಗಿರಲಿ, ಆ ತಾಯಿಯಂತೆ ಫೋನನ್ನು ಇಟ್ಟುಬಿಡಿ. ಹಣ ಹೋಗಿದ್ದರೆ ಒಂದು ಗಳಿಗೆಯೂ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಂಭವ ಹೆಚ್ಚು.

ಮಾರನೆಯ ದಿನ ನಮ್ಮ ಕಾರ್ಯದರ್ಶಿಗಳು ಆ ತಾಯಿಯ ಮನೆಗೇ ಹೋಗಿ ಕ್ಷಮೆ ಕೇಳಿದರು. ಅವರು ಕಾಫಿ ಕೊಟ್ಟು, ನಕ್ಕು, "ಆ ಹುಡುಗನನ್ನು ಬಯ್ಯಬೇಡಿ, ಅವನಿಗೆ ಸ್ವಲ್ಪ ತಾಳ್ಮೆ ಕಲಿಸಿ, ಸಾಕು" ಎಂದರಂತೆ. ಈಗ ಹೊಸ ಸ್ವಯಂಸೇವಕರಿಗೆ ಮೊದಲ ಪಾಠ ಹೇಳುವವರು ಅವರೇ. ಹುಡುಗರು ಕರೆ ಮಾಡುವವರಾಗಿ, ಅವರು ಉತ್ತರಿಸುವವರಾಗಿ, ಅಭ್ಯಾಸ ನಡೆಯುತ್ತದೆ.

ಈ ಕೆಲಸಕ್ಕೆ ಇನ್ನಷ್ಟು ಜನ ಬೇಕಾಗಿದ್ದಾರೆ. ಗಣಕಯಂತ್ರದ ಪಾಂಡಿತ್ಯ ಬೇಡ. ಒಂದೇ ಪ್ರಶ್ನೆಯನ್ನು ಐದು ಸಲ ಕೇಳಿದರೂ ಐದನೆಯ ಸಲವೂ ಮೊದಲಿನ ದನಿಯಲ್ಲೇ ಉತ್ತರಿಸುವವರು ಬೇಕು. ನಮ್ಮ ತರುಣ ತರುಣಿಯರು ವಾರಕ್ಕೊಂದು ಸಂಜೆ ಕೊಟ್ಟರೆ ಸಾಕು. ಇಲ್ಲೇ ಹುಟ್ಟಿ ಬೆಳೆದು ಕನ್ನಡ ತಡವರಿಸುವ ಮಕ್ಕಳಿಗೆ, ಅಜ್ಜಿಯೊಬ್ಬರಿಗೆ ದಾರಿ ಹೇಳುತ್ತ ಹೇಳುತ್ತ ಭಾಷೆಯೂ ಕುದುರುತ್ತದೆ.

ಹಿರಿಯರಲ್ಲಿ ನಮ್ಮ ಪ್ರಾರ್ಥನೆ ಒಂದೇ: ಸಂಕೋಚಪಡದೆ ಕರೆಯಿರಿ. ಕೇಳುವುದರಲ್ಲಿ ಸಣ್ಣತನವೇನೂ ಇಲ್ಲ. ನಮಗೆ ಅಕ್ಷರ ತಿದ್ದಿಸಿದ ಕೈಗಳು ತಮ್ಮವು. ಇಂದು ಆ ಕೈಗೆ ದಾರಿ ಹೇಳುವ ಭಾಗ್ಯ ನಮ್ಮದಾಗಲಿ.